ಡೇಟಾಬೇಸಿಗೆ ಸೇರಿಸುವ ಪಠ್ಯದಲ್ಲಿ ಉದ್ಧರಣ ಚಿಹ್ನೆಗಳ ನಿರ್ವಹಣೆ

ಮಂಗಳೂರು ಕಡೆ ಸಾಮಾನ್ಯವಾದ ಡಿ'ಸೋಜಾ ಎಂಬ ಕುಲನಾಮವನ್ನು ಅರ್ಜಿಯಲ್ಲಿ ತುಂಬಿದೊಡನೆ ತಂತ್ರಾಂಶವು ದೋಷ ತೋರಿಸಿದರೆ, ಅದರ ಕ್ವೆರಿಯನ್ನು (ಡೇಟಾಬೇಸಿಗೆ ಕೊಡುವ ಆದೇಶವನ್ನು) ಕಟ್ಟಿದ ಬಗೆಯನ್ನೇ ಮೊದಲು ನೋಡಬೇಕು. ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಪಠ್ಯದ ಆರಂಭವನ್ನೂ ಅಂತ್ಯವನ್ನೂ ಒಂಟಿ ಉದ್ಧರಣ ಚಿಹ್ನೆಯೇ ಗುರುತಿಸುವುದರಿಂದ, ಹೆಸರನ್ನು ನೇರವಾಗಿ ಕ್ವೆರಿಯೊಳಗೆ ಅಂಟಿಸಿದಾಗ ‘ಡಿ’ ಎಂಬಲ್ಲಿಗೇ ಪಠ್ಯ ಮುಗಿದು, ಉಳಿದ ‘ಸೋಜಾ’ ಆದೇಶದ ಭಾಗವೆಂಬಂತೆ ಓದಲ್ಪಡುತ್ತದೆ. ತುಂಬುವ ಪಠ್ಯದೊಳಗೆ ಆದೇಶಗಳನ್ನು ನುಸುಳಿಸುವ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿಗೂ ಇದೇ ಬಾಗಿಲು.

ಆದ್ದರಿಂದ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಪಠ್ಯದ ಜಾಗವನ್ನು ಖಾಲಿ ಬಿಟ್ಟು ಮೊದಲೇ ಸಿದ್ಧಪಡಿಸಿದ ಕ್ವೆರಿ, ಬಳಸಿ. ಪಿಎಚ್‌ಪಿ ಭಾಷೆಯಲ್ಲಿ ಡೇಟಾಬೇಸ್ ಸಂಪರ್ಕಕ್ಕಿರುವ ಪಿಡಿಒದಲ್ಲಾಗಲಿ ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್‌ನಲ್ಲಾಗಲಿ, ಪಠ್ಯ ಬರಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ನಿಜವಾದ ಪಠ್ಯವನ್ನು ಬೇರೆಯಾಗಿ ಒಪ್ಪಿಸಬೇಕು. ಆ ಪ್ರಶ್ನಾರ್ಥಕ ಚಿಹ್ನೆಯ ಸುತ್ತ ಉದ್ಧರಣ ಚಿಹ್ನೆ ಹಾಕಬೇಡಿ. ಹಾಕಿದರೆ ಅದೇ ಒಂದು ಸಾಮಾನ್ಯ ಪಠ್ಯವಾಗಿಬಿಡುತ್ತದೆ. ಟೇಬಲ್ ಮತ್ತು ಕಾಲಂಗಳ ಹೆಸರುಗಳನ್ನು ಈ ರೀತಿ ಒಪ್ಪಿಸಲಾಗದು. ಅವುಗಳನ್ನು ನೀವೇ ನಿಗದಿಪಡಿಸಿದ ಪಟ್ಟಿಯಿಂದ ಮಾತ್ರ ಆರಿಸಿಕೊಳ್ಳಿ.

ಕ್ವೆರಿಯನ್ನು ಕೈಯಾರೆ ಬರೆಯಲೇಬೇಕಾದಾಗ ಒಂಟಿ ಚಿಹ್ನೆಯನ್ನು ಎರಡು ಬಾರಿ ಒತ್ತಿ: ಡಿ''ಸೋಜಾ. ಟೇಬಲಿನಲ್ಲಿ ಒಂದೇ ಉಳಿಯುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಚಿಹ್ನೆಗೆ ಮುಂಚೆ ಬ್ಯಾಕ್‌ಸ್ಲ್ಯಾಶ್ (\) ಇಡುವುದನ್ನೂ ಒಪ್ಪುತ್ತದೆ. ಆದರೆ ಇನ್ನೊಂದು ಡೇಟಾಬೇಸಾದ ಪೋಸ್ಟ್‌ಗ್ರೆಸ್ 9.1ನೇ ಆವೃತ್ತಿಯಿಂದೀಚೆಗೆ, ಸೆಟ್ಟಿಂಗ್ ಬದಲಿಸದ ಹೊರತು, ಬ್ಯಾಕ್‌ಸ್ಲ್ಯಾಶನ್ನು ಸಾಧಾರಣ ಅಕ್ಷರವೆಂದೇ ಪರಿಗಣಿಸುವುದರಿಂದ ಆ ಅಭ್ಯಾಸ ಬೇಡ.

ಹಳೆಯ ಪಿಎಚ್‌ಪಿ ತಾಣಗಳ ದತ್ತಾಂಶದಲ್ಲಿ ಉದ್ಧರಣ ಚಿಹ್ನೆಗಳಿಗೆ ಮುಂಚೆ ಬ್ಯಾಕ್‌ಸ್ಲ್ಯಾಶ್‌ಗಳು ಅಂಟಿಕೊಂಡಿರುವುದುಂಟು. ಪಿಎಚ್‌ಪಿ ತಾನಾಗಿಯೇ ಅವನ್ನು ಸೇರಿಸುತ್ತಿದ್ದ ‘ಮ್ಯಾಜಿಕ್ ಕೋಟ್ಸ್’ ಸೌಲಭ್ಯವನ್ನು 2012ರ 5.4 ಆವೃತ್ತಿಯಲ್ಲಿ ಕಿತ್ತುಹಾಕಲಾಯಿತಾದರೂ ಅದರ ಕುರುಹು ಉಳಿದಿದೆ. ಮೊದಲು ಬ್ಯಾಕಪ್ ತೆಗೆದು, ಉದ್ಧರಣ ಚಿಹ್ನೆಗೆ ತೀರ ಮುಂಚೆ ಇರುವ ಬ್ಯಾಕ್‌ಸ್ಲ್ಯಾಶನ್ನು ಮಾತ್ರ ತೆಗೆಯಿರಿ. ಎಲ್ಲವನ್ನೂ ಅಳಿಸಿದರೆ ವಿಂಡೋಸ್ ಕಡತಗಳ ವಿಳಾಸಗಳೂ ಕೆಡುತ್ತವೆ.

ವರ್ಡ್‌ನಿಂದ ನಕಲಿಸಿದ ಕನ್ನಡ ಪಠ್ಯದಲ್ಲಿ ಬಾಗಿದ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ನಲ್ಲಿ ಅವು ಬೇರೆಯೇ ಅಕ್ಷರಗಳಾದ್ದರಿಂದ, ನೇರ ಚಿಹ್ನೆಯೊಡನೆ ಹುಡುಕಿದವರಿಗೆ ಆ ಸಾಲು ಸಿಗದೇ ಹೋಗಬಹುದು. ಮೂಲಪಠ್ಯವನ್ನು ತಿದ್ದುವ ಬದಲು, ಚಿಹ್ನೆಗಳನ್ನು ಏಕರೂಪಗೊಳಿಸಿದ ಪ್ರತಿಯೊಂದನ್ನು ಹುಡುಕಾಟಕ್ಕೆಂದೇ ಇನ್ನೊಂದು ಕಾಲಂನಲ್ಲಿ ಇಡುವುದು ಲೇಸು.

ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್‌ಗಾಗಿ ಚಿಹ್ನೆಗಳನ್ನು ಸಂಕೇತಗಳಾಗಿ ಬದಲಿಸುವ ಪರಿವರ್ತನೆಯನ್ನು ಪುಟದಲ್ಲಿ ತೋರಿಸುವಾಗ ಮಾಡಿ, ಉಳಿಸುವಾಗ ಮಾಡಬೇಡಿ. ಇಲ್ಲವಾದರೆ ಅದೇ ಹೆಸರು ಎಸ್‌ಎಂಎಸ್‌ನಲ್ಲಿಯೂ ಮುದ್ರಿತ ರಸೀದಿಯಲ್ಲಿಯೂ ಡಿ'ಸೋಜಾ ಎಂದು ಕಾಣಿಸಿಕೊಳ್ಳುತ್ತದೆ.