ಮನೆಯಲ್ಲೇ ಮಿಗ್-21 ಕಟ್ಟೋದು ಹೇಗೆ: ಬಣ್ಣಕ್ಕೆ ಅವಸರ ಬೇಡ

ಮೊದಲ ಸಲ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸೋಕೆ ಹೊರಟಿದ್ದರೆ 1/72 ಅಳತೆಯ ಮಿಗ್-21 ತಗೊಳ್ಳಿ. ಸುಖೋಯ್ ನೋಡೋಕೆ ಗತ್ತಾಗಿರುತ್ತೆ, ನಿಜ. ಆದರೆ ಅದು ಮೊದಲ ಕಿಟ್‌ಗೆ ಬೇಡ. ಮಿಗ್-21ರ ರೆಕ್ಕೆಗಳ ಅಗಲ 7.15 ಮೀಟರ್. ಅದನ್ನು 72ರಿಂದ ಭಾಗಿಸಿದರೆ 10 ಸೆಂಟಿಮೀಟರ್‌ಗೆ ಒಂಚೂರು ಕಡಿಮೆ, ಅಂದರೆ ಅಂಗೈ ಅಗಲ. ಟೀವಿ ಪಕ್ಕದ ಶೋಕೇಸಿನಲ್ಲಿ ಆರಾಮಾಗಿ ಕೂರುತ್ತೆ. ಜೊತೆಗೆ ಇದು 1963ರಲ್ಲಿ ನಮ್ಮ ವಾಯುಪಡೆಗೆ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ವಿಮಾನ, ಹಾಗಾಗಿ ಫೋಟೊಗಳಿಗೆ ಬರವಿಲ್ಲ.

ಬಾಕ್ಸ್ ಮೇಲೆ ಯಾವ ಮಾದರಿ ಅಂತ ಬರೆದಿದೆ ಅನ್ನೋದನ್ನ ಮೊದಲು ನೋಡಿ. ಎಫ್‌ಎಲ್ ಬೇರೆ, ಬಿಸ್ ಬೇರೆ. ಎಫ್‌ಎಲ್‌ನ ಬೆನ್ನು ಸಪೂರ, ಕಾಕ್‌ಪಿಟ್ ಗಾಜು ಮುಂದಕ್ಕೆ ತೆರೆಯುತ್ತೆ. ಬಿಸ್‌ನ ಬೆನ್ನು ದಪ್ಪ, ಗಾಜು ಪಕ್ಕಕ್ಕೆ ತೆರೆಯುತ್ತೆ. ಎಫ್‌ಎಲ್ ಲೋಹದ ಬೆಳ್ಳಿ ಮೈಯಲ್ಲಿ ಬಲು ಚೆಂದ. ಆದರೆ ಬೆಳ್ಳಿ ಬಣ್ಣ ಒಂದು ಗೀರನ್ನೂ ಬಿಡದೆ ತೋರಿಸುತ್ತೆ. ಹಾಗಾಗಿ ಮೊದಲ ಸಲಕ್ಕೆ ಬೂದು ಬಣ್ಣದ ಬಿಸ್ ವಾಸಿ. ಜ್ವೆಜ್ಡಾ ಕಂಪನಿಯವರ 1/72 ಬಿಸ್ ಸಿಕ್ಕರೆ ಸುಮ್ನೆ ತಗೊಳ್ಳಿ. ಭಾರತದ ಗುರುತುಗಳ ಡೀಕಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್, ಬಾಕ್ಸಿನಲ್ಲಿ ಇಲ್ಲದಿದ್ದರೆ ಬೇರೆ ತರಿಸಬೇಕಾಗುತ್ತೆ, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಗುಬ್ಬಿ ಹತ್ತಿರ ಎಚ್‌ಎಎಲ್‌ನವರು ಹೆಲಿಕಾಪ್ಟರ್ ಕಾರ್ಖಾನೆ ಮಾಡಿ 2023ರಲ್ಲಿ ಶುರುವಾಯಿತು, ತುಮಕೂರಿನ ಹುಡುಗರಿಗೆ ವಿಮಾನದ ಹುಚ್ಚು ಹಿಡಿಯೋಕೆ ಅಷ್ಟು ಸಾಕು. ಆದರೂ ಕಿಟ್ ಮತ್ತು ಅದನ್ನು ಅಂಟಿಸುವ ಪ್ಲಾಸ್ಟಿಕ್ ಸಿಮೆಂಟ್ ಆನ್‌ಲೈನ್‌ನಲ್ಲಿ ತರಿಸೋದೇ ಸುಲಭ. ಉಳಿದದ್ದೆಲ್ಲ ಊರಲ್ಲೇ ಆಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ 400, 600, 1000, 2000 ನಂಬರಿನ ವಾಟರ್ ಪೇಪರ್ ಕೇಳಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವೈರ್ ಕತ್ತರಿಸುವ ಸಣ್ಣ ನಿಪ್ಪರ್ ಸಿಗುತ್ತೆ. ಒಂದು ಚೂಪಾದ ಕಟರ್, ಒಂದು ಚಿಮ್ಮಟ, ಮಾಸ್ಕಿಂಗ್ ಟೇಪ್. ಬಣ್ಣ ಸಿಂಪಡಿಸುವ ಏರ್‌ಬ್ರಷ್, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಈಗಲೇ ಬೇಡವೇ ಬೇಡ.

ಭಾಗಗಳನ್ನು ಚೌಕಟ್ಟಿನಿಂದ ಕೈಯಲ್ಲಿ ತಿರುಚಿ ಕೀಳಬೇಡಿ. ನಿಪ್ಪರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಕಟರ್‌ನಿಂದ ಸವರಿ. ಎಲ್ಲಾ ಭಾಗಗಳನ್ನೂ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿಗೆ ಹಚ್ಚಿದ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯಲ್ಲ. ಕಾಕ್‌ಪಿಟ್ ಒಳಗೆ ನೀಲಿ-ಹಸಿರು ಬಣ್ಣ ಬಳಿಯಿರಿ. ಮಿಗ್-21ರ ಒಳಗೆ ಇದ್ದದ್ದು ಅದೇ. ಗಾಜು ಮುಚ್ಚಿದ ಮೇಲೆ ಯಾರಿಗೂ ಸರಿಯಾಗಿ ಕಾಣಲ್ಲ, ಹಾಗಾಗಿ ಅಲ್ಲೇ ಒಂದು ವಾರ ಕೂರಬೇಡಿ.

ಮೈ ಮುಚ್ಚುವ ಮೊದಲು ಮೂತಿಗೆ ಭಾರ ಹಾಕಲೇಬೇಕು. ಈ ವಿಮಾನದ ರೆಕ್ಕೆ, ಬಾಲ ಎಲ್ಲಾ ಹಿಂದಕ್ಕಿದೆ. ಭಾರ ಇಲ್ಲದಿದ್ದರೆ ಮಾಡೆಲ್ ಬಾಲದ ಮೇಲೆ ಕೂತುಬಿಡಬಹುದು. ಸೈಕಲ್ ಶಾಪ್‌ನಲ್ಲಿ ಹಳೇ ಬೇರಿಂಗ್ ಗುಂಡು ಕೇಳಿ, ಬೊಗಸೆ ತುಂಬ ಕೊಡ್ತಾರೆ. ಮೂತಿಯ ಕೋನ್ ಒಳಗೆ, ಅಂದರೆ ನಿಜವಾದ ವಿಮಾನದಲ್ಲಿ ರೇಡಾರ್ ಇರುವ ಜಾಗದಲ್ಲಿ, ಅರಾಲ್ಡೈಟ್‌ನಿಂದ ಅಂಟಿಸಿ. ಜಾಗ ಸಾಲದಿದ್ದರೆ ಕಾಕ್‌ಪಿಟ್ ಮುಂದೆ ಇನ್ನೆರಡು. ಆಮೇಲೆ ಮೈ, ರೆಕ್ಕೆ, ಬಾಲ ಎಲ್ಲವನ್ನೂ ಟೇಪ್‌ನಿಂದ ಕಟ್ಟಿ, ಹಿಂದಿನ ಚಕ್ರ ಬರುವ ಜಾಗದಲ್ಲಿ ಎರಡು ಬೆರಳ ಮೇಲೆ ನಿಲ್ಲಿಸಿ ನೋಡಿ. ಮೂತಿ ಕೆಳಗೆ ಬಾಗಿದರೆ ಸರಿ.

ಇನ್ನು ಅಸಲಿ ಕೆಲಸ. ಜೆಟ್ ಮಾಡೆಲ್ ಚೆನ್ನಾಗಿ ಕಾಣುತ್ತೋ ಇಲ್ಲವೋ ಅನ್ನೋದು ಬಣ್ಣದಲ್ಲಿ ತೀರ್ಮಾನ ಆಗಲ್ಲ, ಮೈಯ ಎರಡು ಹೋಳು ಸೇರುವ ಗೆರೆಯಲ್ಲಿ ಆಗುತ್ತೆ. ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ, ಮೂತಿಯಿಂದ ಬಾಲದವರೆಗೆ ಒಂದು ಗೆರೆ ಓಡುತ್ತಲ್ಲ, ಅದು ಉಳಿದುಬಿಟ್ಟರೆ ಎಷ್ಟು ದುಬಾರಿ ಬಣ್ಣ ಬಳಿದರೂ ಅದು ಜಾತ್ರೆಯ ಆಟಿಕೆ ಥರಾನೇ ಕಾಣೋದು. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಎಲ್ಲಿ ಬಿಗಿ, ಎಲ್ಲಿ ಸಂದು ಅಂತ ಗೊತ್ತಾಗಲಿ. ಆಮೇಲೆ ಹೋಳುಗಳನ್ನು ಹಿಡಿದು, ತೆಳು ಸಿಮೆಂಟಿನ ಬ್ರಷ್ ತುದಿಯನ್ನು ಗೆರೆಗೆ ಮುಟ್ಟಿಸಿ. ಅದೇ ಒಳಗೆ ಹರಿದುಕೊಂಡು ಹೋಗುತ್ತೆ. ಈ ಸಿಮೆಂಟ್ ಗೋಂದಿನಂತೆ ಅಂಟಿಸಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ. ಸ್ವಲ್ಪ ಒತ್ತಿ ಹಿಡಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನಂತೆ ಉಕ್ಕಿ ಬರುತ್ತೆ. ಬರಲಿ, ಒರೆಸಬೇಡಿ. ಸಂದು ತುಂಬೋದು ಅದೇ. ಒಂದು ಪೂರ್ತಿ ದಿನ ಬಿಟ್ಟು, ಏಣನ್ನು ಕಟರ್ ಅಂಚಿನಿಂದ ಕೆರೆದು, 400ರಿಂದ ಶುರುಮಾಡಿ 1000ದವರೆಗೆ ನೀರು ಹಾಕಿ ಉಜ್ಜಿ. ನೀರು ಹಾಕಿದರೆ ಪುಡಿ ಮೂಗಿಗೆ ಹೋಗಲ್ಲ. ಸಿಮೆಂಟ್ ವಾಸನೆ ತಲೆಗೆ ಹತ್ತುತ್ತೆ, ಕಿಟಕಿ ತೆರೆದಿರಲಿ.

ಗೆರೆ ಹೋಯಿತು ಅಂತ ಬರೀ ಕಣ್ಣನ್ನು ನಂಬಬೇಡಿ. ಅದರ ಮೇಲೆ ತೆಳುವಾಗಿ ಬೂದು ಪ್ರೈಮರ್ ಬಳಿದು, ಮೊಬೈಲ್ ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದು ನೋಡಿ. ಗೆರೆ ಇನ್ನೂ ಇದ್ದರೆ ನೆರಳು ಬೀಳುತ್ತೆ. ಪುಟ್ಟಿ ಹಾಕಿ, ಮತ್ತೆ ಉಜ್ಜಿ, ಮತ್ತೆ ನೋಡಿ. ಬೇಜಾರಾಗುತ್ತೆ, ಗೊತ್ತು. ಉಜ್ಜುವಾಗ ಅಳಿಸಿಹೋದ ಪ್ಯಾನಲ್ ಗೆರೆಗಳನ್ನು, ಅಂದರೆ ಮೈಯ ತಗಡುಗಳು ಸೇರುವ ಸಣ್ಣ ಗೆರೆಗಳನ್ನು, ಡೈಮೋ ಟೇಪ್ (ಲೇಬಲ್‌ಗೆ ಬಳಸುವ ದಪ್ಪ ಟೇಪ್) ಅಂಚಿಗೆ ಸೂಜಿ ಎಳೆದು ಮತ್ತೆ ಮೂಡಿಸಬಹುದು.

ಕಾಕ್‌ಪಿಟ್ ಗಾಜಿಗೆ ಫೆವಿಕ್ವಿಕ್ ಮುಟ್ಟಿಸಲೇಬೇಡಿ. ಅದರ ಹಬೆಗೆ ಗಾಜು ಮಂಜು ಹಿಡಿದಂತೆ ಬೆಳ್ಳಗಾಗುತ್ತೆ. ಮಾಮೂಲಿ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣೋದೇ ಇಲ್ಲ.

ಬಣ್ಣಕ್ಕೆ ನಮ್ಮೂರ ಹವೆ ನೋಡಿಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಕೂತರೆ ಅಕ್ರಿಲಿಕ್ ಬ್ರಷ್‌ನಲ್ಲೇ ಒಣಗಿ ಗೀಟು ಬೀಳುತ್ತೆ. ಬೆಳಿಗ್ಗೆ ಬೇಗ ಬಳಿಯಿರಿ, ಬಣ್ಣ ತೆಳು ಮಾಡಿಕೊಳ್ಳಿ, ಎರಡು-ಮೂರು ಪದರ ಕೊಡಿ. ಫ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಬಿ.ಎಚ್. ರಸ್ತೆಯ ಧೂಳೆಲ್ಲ ರೆಕ್ಕೆ ಮೇಲೆ. ಮಳೆಗಾಲದ ಥಂಡಿಯಲ್ಲಿ ಸ್ಪ್ರೇ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ವಾರ್ನಿಷ್) ಹೊಡೆದರೆ ಬಿಳಿ ಪೊರೆ ಕಟ್ಟಬಹುದು, ಬಿಸಿಲು ಬರೋವರೆಗೆ ತಡೆಯಿರಿ. ಬೂದು ಬಣ್ಣದಲ್ಲೂ ಬೇರೆ ಬೇರೆ ಛಾಯೆ ಇದ್ದವು, ಯಾವುದಾದರೂ ಒಂದೇ ವಿಮಾನದ ಫೋಟೊ ಎದುರಿಗಿಟ್ಟುಕೊಳ್ಳಿ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಒಂದು ಭಾನುವಾರ ಹೋಗಿಬನ್ನಿ, ನಿಜವಾದ ವಿಮಾನದ ಮೈ ಹತ್ತಿರದಿಂದ ಹೇಗಿರುತ್ತೆ ಅನ್ನೋದು ಫೋಟೊದಲ್ಲಿ ಗೊತ್ತಾಗಲ್ಲ.

ಡೀಕಲ್ ಅಂಟಿಸೋಕೆ ಮುಂಚೆ ಹೊಳಪಿನ ಗ್ಲಾಸಿ ಕ್ಲಿಯರ್ ಬಳಿಯಿರಿ. ಒರಟು ಮೈ ಮೇಲೆ ಹಾಕಿದರೆ ಕೆಳಗೆ ಗಾಳಿ ಸೇರಿ ಬೆಳ್ಳಿಯಂತೆ ಮಿನುಗುತ್ತೆ. ಮತ್ತೆ ನೀರು. ನಮ್ಮ ಬೋರ್‌ವೆಲ್ ನೀರು ಎಂಥ ಗಡಸು ಅಂತ ಪಾತ್ರೆ ತೊಳೆಯೋರಿಗೆ ಗೊತ್ತು, ಕೋಲಾರ, ಚಿಕ್ಕಬಳ್ಳಾಪುರದವರಿಗಂತೂ ಹೇಳೋದೇ ಬೇಡ. ಆ ನೀರು ಒಣಗಿದರೆ ಬೂದು ಬಣ್ಣದ ಮೇಲೆ ಬಿಳಿ ಕಲೆ ಉಳಿಯುತ್ತೆ. ಡೀಕಲ್ ನೆನೆಸೋಕೆ ಆರ್‌ಒ ಫಿಲ್ಟರ್ ನೀರನ್ನು ಉಗುರುಬೆಚ್ಚಗೆ ಮಾಡಿ ಬಳಸಿ. ವಾಯುಪಡೆಯ ಗುರುತಿನ ವೃತ್ತದಲ್ಲಿ ಕೇಸರಿ ನಡುವೆ, ಹಸಿರು ಹೊರಗೆ. ಬಾಲದ ಪಟ್ಟಿಯಲ್ಲಿ ಕೇಸರಿ ಮುಂದೆ, ಎರಡೂ ಬದಿಯಲ್ಲೂ ಹಾಗೇ. ಕೊನೆಗೆ ಹೊಳಪಿಲ್ಲದ ಮ್ಯಾಟ್ ಕ್ಲಿಯರ್.

ಮೂತಿಯ ಉದ್ದನೆ ಪಿಟಾಟ್ ಕಡ್ಡಿಯನ್ನು (ನಿಜವಾದ ವಿಮಾನದಲ್ಲಿ ವೇಗ ಅಳೆಯೋ ಕೊಳವೆ) ಎಲ್ಲಕ್ಕಿಂತ ಕೊನೆಗೆ ಅಂಟಿಸಿ. ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಕಡ್ಡಿ ಮುರಿಯೋಕೇ ಹುಟ್ಟಿದ್ದು. ಮೆಡಿಕಲ್ ಸ್ಟೋರ್‌ನಿಂದ ಹೊಸ 21 ಗೇಜ್ ಸೂಜಿ ಒಂದು, ಇನ್ಸುಲಿನ್ ಸೂಜಿ ಒಂದು ತನ್ನಿ. ತೆಳು ಸೂಜಿ ದಪ್ಪದರೊಳಗೆ ಹೋಗುತ್ತೆ, ನಿಜವಾದ ಪಿಟಾಟ್‌ನಂತೆ ಮುಂದಕ್ಕೆ ಸಣ್ಣಗಾಗುತ್ತೆ. ಚೂಪು ತುದಿ ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತುಂಡು ಹಾರುತ್ತೆ. ಇಲ್ಲಿ ಮಾತ್ರ ಫೆವಿಕ್ವಿಕ್ ನಡೆಯುತ್ತೆ, ಲೋಹಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯಲ್ಲ. ಧೂಳು ಒರೆಸೋಕೆ ಬಟ್ಟೆ ಬೇಡ, ಮೆತ್ತನೆಯ ಮೇಕಪ್ ಬ್ರಷ್ ಇಟ್ಟುಕೊಳ್ಳಿ. ಮನೆಗೆ ಚಿಕ್ಕ ಮಕ್ಕಳು ಬರೋದಿದ್ದರೆ ಶೋಕೇಸಿಗೆ ಬೀಗ ಹಾಕಿ.