ಚೆಲ್ಲಬೇಕಾಗಿದ್ದ ನೀರು: ಕೃಷಿ ವಿಮಾನ ತರಬೇತಿಯಲ್ಲಿ ನನಗಾದ ಅಪಘಾತ

ಎಪ್ಪತ್ತರ ದಶಕದ ಕೊನೆಯಲ್ಲಿ, ಜಕ್ಕೂರಿನಲ್ಲಿ ಪುಷ್ಪಕ್ ವಿಮಾನದಲ್ಲಿ ಹಾರಾಟ ಕಲಿತು ಲೈಸೆನ್ಸ್ ಪಡೆದಿದ್ದ ನಾನು, ಬೆಳೆಗೆ ಔಷಧ ಸಿಂಪಡಿಸುವ ವಿಮಾನ ನಡೆಸುವ ತರಬೇತಿಗೆ ಸೇರಿಕೊಂಡೆ. ಪುಷ್ಪಕ್ 90 ಅಶ್ವಶಕ್ತಿಯ ಸಾಧುಪ್ರಾಣಿ. ಎಚ್‌ಎಎಲ್ ರೂಪಿಸಿದ, 1972ರ ಮಾರ್ಚ್‌ನಲ್ಲಿ ಮೊದಲು ಹಾರಿದ ಬಸಂತ್ ಅದಕ್ಕೆ ತದ್ವಿರುದ್ಧ: 400 ಅಶ್ವಶಕ್ತಿಯ ಎಂಜಿನ್, ಅದರ ಹಿಂದೆ ಔಷಧ ತುಂಬುವ ತೊಟ್ಟಿ, ಅಂದರೆ ಹಾಪರ್, ಅದಕ್ಕೂ ಹಿಂದೆ, ಎತ್ತರದಲ್ಲಿ, ಒಬ್ಬನೇ ಕೂರುವ ಕಾಕ್‌ಪಿಟ್. ಪಕ್ಕದಲ್ಲಿ ಗುರುಗಳಿಗೆ ಜಾಗವಿಲ್ಲ. ಅವರು ಹೊಲದ ಬದುವಿನ ಮೇಲೆ ನಿಂತು ನೋಡುತ್ತಾರೆ, ತಪ್ಪನ್ನು ಇಳಿದ ಮೇಲೆ ಹೇಳುತ್ತಾರೆ.

ಪೈರಿನ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರುವುದೇ ಈ ಕೆಲಸದ ಅಪಾಯದ ಭಾಗವೆಂದು ನೋಡುವವರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಕಣ್ಣೆದುರಿನ ಸಾಲನ್ನು ಹಿಡಿದು ನೇರವಾಗಿ ಹೋಗುವುದು ಒಂದು ವಾರದಲ್ಲಿ ಒಗ್ಗುತ್ತದೆ. ಹೊಲದ ತುದಿಯಲ್ಲಿ ಮೇಲೆದ್ದು, ತಿರುಗಿ, ಪಕ್ಕದ ಸಾಲಿಗೆ ಮರಳುವ ಆ ಅರ್ಧ ನಿಮಿಷವೇ ನಿಜವಾದ ಪರೀಕ್ಷೆ. ತಿರುವಿನ ಕ್ರಮ ಹೀಗೆ: ಸಾಲುಗಳನ್ನು ಗಾಳಿಗೆ ಅಡ್ಡಲಾಗಿ ಹಾಕಿಕೊಳ್ಳಬೇಕು, ತುದಿಯಲ್ಲಿ ಮೇಲೆದ್ದು ಮೊದಲು ಗಾಳಿ ಹೋಗುವ ದಿಕ್ಕಿಗೆ ಸುಮಾರು 45 ಡಿಗ್ರಿ ಸರಿದು, ಅನಂತರ ಗಾಳಿಗೆ ಎದುರಾಗಿ ದೊಡ್ಡ ಸುತ್ತು ತೆಗೆದುಕೊಂಡು ಸಾಲಿಗೆ ಬರಬೇಕು. ಎದುರುಗಾಳಿ ನೆಲದ ಮೇಲಿನ ವೇಗವನ್ನು ಕಡಿಮೆ ಮಾಡುವುದರಿಂದ ಸುತ್ತು ಚಿಕ್ಕದಾಗಿ, ಸಾಲು ತಾನಾಗಿಯೇ ಮೂಗಿನ ಮುಂದೆ ಬಂದು ನಿಲ್ಲುತ್ತದೆ.

ಅಪಘಾತವಾದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಬೆಂಗಳೂರಿನ ಹೊರಗೆ, ರಾಗಿ ಕೊಯ್ದು ಉತ್ತು ಬಿಟ್ಟಿದ್ದ ಹೊಲವೊಂದರ ಮೇಲೆ. ಹಾಪರ್‌ನಲ್ಲಿ 400 ಲೀಟರ್ ನೀರಿತ್ತು. ತರಬೇತಿಯಲ್ಲಿ ಔಷಧ ಹಾಕುವುದಿಲ್ಲ, ಬರೀ ನೀರು. ಆದರೆ ನೀರೂ ಲೀಟರಿಗೆ ಒಂದು ಕಿಲೋ ತೂಗುತ್ತದೆ. ಉಷ್ಣಾಂಶ 33 ಡಿಗ್ರಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಂಥ ಬಿಸಿಲಿನಲ್ಲಿ ಇಲ್ಲಿನ ಗಾಳಿ 6,000 ಅಡಿಯ ಗಾಳಿಯಷ್ಟು ತೆಳುವಾಗುತ್ತದೆ. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ವೇಗಸೂಚಕ ಅದೇ ಅಂಕಿ ತೋರಿಸುತ್ತಿದ್ದರೂ ವಿಮಾನ ವಾಸ್ತವದಲ್ಲಿ ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತದೆ, ಆದ್ದರಿಂದ ರೆಕ್ಕೆಗಳನ್ನು ಅಷ್ಟೇ ಓರೆ ಮಾಡಿ ತೆಗೆದುಕೊಂಡ ಸುತ್ತು ಕಡಲತಡಿಯಲ್ಲಿಗಿಂತ ಹೆಚ್ಚು ಕಡಿಮೆ ಐದನೇ ಒಂದು ಪಾಲು ದೊಡ್ಡದಾಗುತ್ತದೆ. ಇದೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ಗಾಳಿ ಪೂರ್ವದಿಂದ ಬೀಸುತ್ತಿತ್ತು. ಉತ್ತರದ ತುದಿಯಲ್ಲಿ ಮೇಲೆದ್ದಾಗ ನಿಯಮದಂತೆ ಪಶ್ಚಿಮಕ್ಕೆ ಸರಿಯಬೇಕಿತ್ತು. ಆ ಕಡೆ ಒಂದು ನೀಲಗಿರಿ ತೋಪಿತ್ತು. ಭಾರ ಹೊತ್ತು ನಿಧಾನವಾಗಿ ಏರುತ್ತಿದ್ದ ವಿಮಾನವನ್ನು ಅದರ ಮೇಲೆ ಒಯ್ಯಲು ಮನಸ್ಸಾಗದೆ, ಮೊದಲು ಬಲಕ್ಕೆ, ಅಂದರೆ ಗಾಳಿ ಬರುವ ಕಡೆಗೆ ಸರಿದು, ಅನಂತರ ಎಡಕ್ಕೆ ದೊಡ್ಡ ಸುತ್ತು ಹಿಡಿದೆ. ಆಗ ಗಾಳಿ ಬೆನ್ನಿಗೆ ಬಂತು. ನೆಲ ಸರಸರನೆ ಹಿಂದೆ ಓಡತೊಡಗಿದ್ದರಿಂದ ವೇಗ ಸಾಕಷ್ಟಿದೆಯೆಂಬ ಭ್ರಮೆ ಹುಟ್ಟಿತು. ಗಾಳಿಯ ತಳ್ಳುವಿಕೆಗೆ ವಿಮಾನ ಸುತ್ತಿನ ಒಳಗಡೆಗೆ ಜಾರುತ್ತಿರುವಂತೆ ಕಂಡು, ಅದನ್ನು ಸರಿಪಡಿಸಲೆಂದು ನನ್ನ ಎಡಗಾಲು ಬಾಲದ ಚುಕ್ಕಾಣಿಯಾದ ರಡ್ಡರ್‌ನ ಪೆಡಲ್ ಒತ್ತಿತು. ವಾಸ್ತವದಲ್ಲಿ ಜಾರಿಕೆ ಇರಲಿಲ್ಲ. ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಬಾಲ್ ಸೂಚಕವನ್ನು ನೋಡಿದ್ದರೆ, ನಾನು ಒತ್ತಿದ ರಡ್ಡರ್‌ನಿಂದಲೇ ಅದು ನಡುವಿನಿಂದ ಬಲಕ್ಕೆ, ಸುತ್ತಿನ ಹೊರಗಡೆಗೆ ಹೊರಳಿರುವುದು ಕಾಣುತ್ತಿತ್ತು. ಅಷ್ಟರಲ್ಲಿ ನಾನು ಹಿಡಿಯಬೇಕಾದ ಸಾಲು ದಾಟಿಹೋಗಿತ್ತು, ಬೇಡವೆಂದು ಬಿಟ್ಟಿದ್ದ ತೋಪೇ ಎದುರಿಗೆ ಬರುತ್ತಿತ್ತು. ಓರೆಯನ್ನು ಇನ್ನೂ ಹೆಚ್ಚಿಸಿ, ವಿಮಾನ ನಡೆಸುವ ಹಿಡಿಕೆಯಾದ ಸ್ಟಿಕ್ ಎಳೆದೆ.

ನೇರ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ವಿಮಾನ, ಎತ್ತರ ಬಿಡದೆ 60 ಡಿಗ್ರಿ ಓರೆಯಲ್ಲಿ ತಿರುಗುವಾಗ 70 ನಾಟ್‌ಗೇ ಸ್ಟಾಲ್ ಆಗುತ್ತದೆ. ಎಡರೆಕ್ಕೆ ಕೈಬಿಟ್ಟಂತೆ ಕುಸಿಯಿತು. ನೆಲ ನೂರಡಿ ಕೆಳಗಿತ್ತು. ಸ್ಟಿಕ್ ಮುಂದೆ ತಳ್ಳಿ ಬಲ ರಡ್ಡರ್ ಒತ್ತಿದ್ದರಿಂದ ರೆಕ್ಕೆಗಳು ಬಹುಮಟ್ಟಿಗೆ ಸಮವಾದವು, ಆದರೆ ಏರಲು ಬೇಕಾದ ಎತ್ತರವಾಗಲಿ ವೇಗವಾಗಲಿ ಉಳಿದಿರಲಿಲ್ಲ. ಚಕ್ರಗಳು ಉತ್ತ ಮಣ್ಣಿನಲ್ಲಿ ಹೂತು ಮುರಿದವು. ವಿಮಾನ ಸ್ವಲ್ಪ ದೂರ ಜಾರಿ ಮಗುಚಿ ಬಿತ್ತು.

ತಲೆಕೆಳಗಾಗಿ ನೇತಾಡುತ್ತಿದ್ದವನಿಗೆ ಮೊದಲು ಕೇಳಿಸಿದ್ದು ಹಾಪರ್‌ನಿಂದ ನೀರು ಗಳಗಳನೆ ಸುರಿಯುವ ಸದ್ದು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಇಗ್ನಿಷನ್, ಬ್ಯಾಟರಿ, ಇಂಧನ, ಎಲ್ಲವನ್ನೂ ಮುಚ್ಚಿದೆ. ಬೆಲ್ಟ್ ಬಿಚ್ಚುವ ಮೊದಲು ಒಂದು ಕೈಯನ್ನು ಮೇಲ್ಛಾವಣಿಗೆ ಊರಿಕೊಳ್ಳಬೇಕೆಂದು, ಇಲ್ಲದಿದ್ದರೆ ಕುತ್ತಿಗೆಯ ಮೇಲೆ ಬೀಳುತ್ತೀಯೆಂದು ಗುರುಗಳು ಹೇಳಿದ್ದು ಆಗ ನೆನಪಿಗೆ ಬಂತು. ಊರಲು ಹೋದಾಗ ಎಡಭುಜದಲ್ಲಿ ಪ್ರಾಣ ಹೋಗುವಂಥ ನೋವು. ಕೊರಳ ಮೂಳೆ ಮುರಿದಿತ್ತು. ಬಲಗೈ ಊರಿ ಹೇಗೋ ಹೊರಗೆ ತೆವಳಿದೆ. ಎಂಜಿನ್ನೂ ಹಾಪರ್ರೂ ಮುಂದೆ ಇದ್ದು ಪೆಟ್ಟನ್ನು ತಾವೇ ತಿಂದವು, ಎತ್ತರದ ಕಾಕ್‌ಪಿಟ್ಟಿನ ಕಂಬಿಗಳು ಕುಸಿಯಲಿಲ್ಲ, ತಲೆಗೆ ಹೆಲ್ಮೆಟ್ ಇತ್ತು. ಬದುಕಿದ್ದಕ್ಕೆ ಕಾರಣ ಇಷ್ಟೇ, ನನ್ನ ಜಾಣತನವೇನೂ ಅಲ್ಲ. ಓಡಿ ಬಂದ ರೈತರು ಹತ್ತಿರ ಬರಲು ಅಂಜಿ, "ಔಸ್ದಿ ಏನಾರ ಐತಾ ಸ್ವಾಮಿ?" ಎಂದು ದೂರದಿಂದಲೇ ಕೇಳಿದರು. ಬರೀ ನೀರೆಂದ ಮೇಲೆಯೇ ನನ್ನನ್ನು ಎತ್ತಿದ್ದು.

ವಿಚಾರಣೆಗೆ ಬಂದ ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಕೊನೆಗೊಂದು ಪ್ರಶ್ನೆ ಕೇಳಿದರು: "ಲೋಡ್ ಯಾಕೆ ಡಂಪ್ ಮಾಡಲಿಲ್ಲ?" ಎಡಗೈಯ ಬಳಿಯಲ್ಲೇ ಇದ್ದ ಲಿವರ್ ಎಳೆದರೆ ಇಡೀ ಹಾಪರ್ ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಸಾಲು ತಪ್ಪಿದಾಗಲೇ ಎಳೆದಿದ್ದರೆ ನಾನೂರು ಕಿಲೋ ಭಾರ ಇಳಿದು, ಓರೆ ತಗ್ಗಿಸಿ, ತೋಪಿನ ಮೇಲೆ ಏರಿಹೋಗಬಹುದಿತ್ತು. ನಾನು ಕೊಟ್ಟ ಉತ್ತರ ಅವರಿಗೆ ತಮಾಷೆಯಾಗಿ ಕಂಡಿರಬೇಕು. ಆ ನೀರನ್ನು ಬೇಸಿಗೆಯಲ್ಲಿ ದೂರದ ಬಾವಿಯಿಂದ ಟ್ಯಾಂಕರ್‌ನಲ್ಲಿ ತರುತ್ತಿದ್ದರು. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಂತು ಬೆಳೆದ ನನಗೆ, ಅದನ್ನು ಸುಮ್ಮನೆ ನೆಲಕ್ಕೆ ಸುರಿಯಬಹುದೆಂಬುದು ಹೊಳೆಯಲೇ ಇಲ್ಲ. ತರಬೇತಿಯ ಅಷ್ಟೂ ದಿನಗಳಲ್ಲಿ ಆ ಲಿವರನ್ನು ಎಳೆದದ್ದು ಒಂದೇ ಸಲ, ಅದೂ ನೆಲದ ಮೇಲೆ ನಿಂತಿದ್ದಾಗ.

ಮೂಳೆ ಕೂಡಿಕೊಂಡು ಮತ್ತೆ ಹಾರುವ ಅನುಮತಿ ದೊರೆತಾಗ, ಮೊದಲ ಎರಡು ದಿನ ಸಿಂಪಡಣೆಯೇ ಬೇಡವೆಂದು ಗುರುಗಳನ್ನು ಕೇಳಿಕೊಂಡೆ. ಹಾಪರ್ ತುಂಬಿಸಿಕೊಂಡು ಏರುವುದು, ನೆಲದಿಂದ 3,000 ಅಡಿ ಮೇಲೆ ಓರೆಯಲ್ಲಿ ಸ್ಟಾಲ್‌ನ ಅಂಚಿಗೆ ತಂದು ಸ್ಟಿಕ್‌ನ ನಡುಕವನ್ನು ಕೈಗೆ ಪರಿಚಯ ಮಾಡಿಸುವುದು, ಅನಂತರ ಕೆಳಗಿಳಿದು ತಿರುವಿನ ನಡುವೆ ಅವರು ಬದುವಿನಿಂದ ಕೆಂಪು ಬಾವುಟ ಎತ್ತಿದ ಕ್ಷಣ ಲಿವರ್ ಎಳೆಯುವುದು. ಭಾರ ಹೋದೊಡನೆ ಮೂಗು ತಾನಾಗಿ ಮೇಲೇಳುತ್ತದೆ. ಅದನ್ನು ಸ್ಟಿಕ್ ಮುಂದೊತ್ತಿ ಹಿಡಿಯುವುದನ್ನೂ ಕಲಿಯಬೇಕಿತ್ತು. ಎರಡು ದಿನದಲ್ಲಿ ಹದಿನಾಲ್ಕು ಸಲ ಹಾಪರ್ ಬರಿದು ಮಾಡಿದೆ. ಹದಿನೈದನೆಯ ಸಲ ತುಂಬಿಸಿಕೊಳ್ಳಲು ಹೋದಾಗ ಟ್ಯಾಂಕರ್ ಚಾಲಕ ಪೈಪನ್ನು ಕೈಯಲ್ಲೇ ಹಿಡಿದುಕೊಂಡು, "ಇದನ್ನೂ ಚೆಲ್ಲೋಕೇನಾ ಸಾರ್?" ಎಂದ. ಹೌದೆಂದೆ.