ಬುಧವಾರ ಬಾರದ ಮಕ್ಕಳನ್ನು ಚುಚ್ಚುಮದ್ದಿಗೆ ಕರ್ಕೊಂಡು ಬರುವುದು ಹೇಗೆ

ಕಾಸರಗೋಡಿನ ಈ ಕಡೆ, ಅಂದ್ರೆ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಭಾಗದಲ್ಲಿ ಹೊಸತಾಗಿ ಫೀಲ್ಡಿಗೆ ಇಳಿದ ಸಿಸ್ಟರ್‌ಗಳಿಗೂ ಆಶಾ ಅಕ್ಕಂದಿರಿಗೂ ಇದನ್ನು ಬರೀತಿದ್ದೇನೆ. ನಮ್ಮಲ್ಲಿ ಚುಚ್ಚುಮದ್ದಿನ ದಿನ ಬುಧವಾರ. ಚುಚ್ಚುಮದ್ದಿನ ಪರ್ಸೆಂಟೇಜ್ ಯಾಕೆ ಕಡಿಮೆ ಅಂತ ಮೀಟಿಂಗಲ್ಲಿ ಕೇಳಿದ ಕೂಡ್ಲೇ ನಮ್ಮ ಬಾಯಿಗೆ ಬರುವ ಉತ್ತರ "ಜನ ಒಪ್ಪುದಿಲ್ಲ ಡಾಕ್ಟ್ರೇ" ಅಂತ. ನಾನೂ ಕೆಲವು ವರ್ಷ ಹಾಗೇ ಹೇಳಿದವಳು. ಒಂದು ದಿನ ಮಧ್ಯಾಹ್ನ ಕೂತು ಬಾಕಿ ಇರುವ ಒಂದೊಂದು ಮಗುವಿನ ಹೆಸರಿನ ಎದುರು ಯಾಕೆ ಬರ್ಲಿಲ್ಲ ಅಂತ ಬರೀತಾ ಹೋದಾಗ ಗೊತ್ತಾಯ್ತು, ಬೇಡವೇ ಬೇಡ ಅಂದವರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಎರಡು ಮನೆಗಳ ನಡುವೆ, ಎರಡು ರಾಜ್ಯಗಳ ನಡುವೆ, ಇಲ್ಲಾಂದ್ರೆ ನಮ್ಮದೇ ಸೆಂಟರಿನ ಬಾಗಿಲಲ್ಲಿ ತಪ್ಪಿಹೋದವರು.

ಹಾಗಾಗಿ ಮೊದಲ ಕೆಲಸ ಅದೇ, ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ, ಬಾಕಿ ಮಗುವಿನ ಹೆಸರು, ಯಾವ ಡೋಸು, ಯಾಕೆ ಬಾಕಿ, ಮನೆಯಲ್ಲಿ ತೀರ್ಮಾನ ಮಾಡುವವರು ಯಾರು, ಇಷ್ಟು ಬರೀರಿ. ಮತ್ತೆ ಒಂದು ಸಣ್ಣ ಲೆಕ್ಕ ಮಾಡಿ. ಪೆಂಟಾ (ಐದು ಕಾಯಿಲೆಗೆ ಸೇರಿ ಒಂದೇ ಚುಚ್ಚುಮದ್ದು) ಒಂದನೇ ಡೋಸು 40 ಮಕ್ಕಳು ತಗೊಂಡು ಮೂರನೇದು 34 ಮಕ್ಕಳು ಮಾತ್ರ ತಗೊಂಡಿದ್ರೆ ಬಿಟ್ಟವರು 6, ಅಂದ್ರೆ ಶೇಕಡಾ 15. ಇದು 10 ದಾಟಿದ್ರೆ ಜನ ನಮ್ಮ ಹತ್ರ ಬಂದು ಆಮೇಲೆ ಬಿಟ್ಟಿದ್ದಾರೆ ಅಂತ ಅರ್ಥ, ಅಲ್ಲಿಗೆ ಮೈಕ್ ಕಟ್ಟಿ ಪ್ರಚಾರ ಮಾಡಿ ಎಂತ ಪ್ರಯೋಜನ ಇಲ್ಲ, ನಮ್ಮ ಕಡೆ ಎಂತ ಆಯ್ತು ಅಂತ ನೋಡ್ಬೇಕು. ಒಂದನೇ ಡೋಸಿಗೇ ಬಾರದವರು ಜಾಸ್ತಿ ಇದ್ರೆ ಅದು ಬೇರೆ ಕತೆ, ನಾವು ಆ ಮನೆಗೆ ಮುಟ್ಟಲೇ ಇಲ್ಲ.

ನಮ್ಮ ಊರಿನಲ್ಲಿ ಇದು ತಪ್ಪುವ ದೊಡ್ಡ ಜಾಗ ಯಾವುದು ಗೊತ್ತುಂಟಾ, ಬಾಣಂತನ. ಹೆರಿಗೆ ಮಂಗ್ಳೂರಲ್ಲೋ ಪುತ್ತೂರಲ್ಲೋ ಆಗ್ತದೆ, ಬಿಸಿಜಿ (ಕ್ಷಯದ್ದು), ಪೋಲಿಯೋ ಸೊನ್ನೆ ಡೋಸು (ಹುಟ್ಟಿದ ಕೂಡ್ಲೇ ಕೊಡುವ ಹನಿ), 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಅಲ್ಲೇ ಆಗಿರ್ತದೆ, ಅಲ್ಲಿಂದ ತಾಯಿ ಮನೆಗೆ ಹೋಗ್ತಾಳೆ. 40 ದಿನದ ಬಾಣಂತನ ಮುಗಿಸಿ ಗಂಡನ ಮನೆಗೆ ಬರುವ ತಯಾರಿ ನಡೆಯುವಾಗ್ಲೇ ಮಗುವಿಗೆ ಆರು ವಾರ ತುಂಬುದು, ಅಂದ್ರೆ 42 ದಿನ! ತಾಯಿ ಮನೆಯ ಆಶಾ ಅಕ್ಕ "ಅವ್ಳು ಹೋದಳಲ್ಲ" ಅಂತ ಹೆಸರು ಹೊಡೆದು ಹಾಕ್ತಾರೆ, ಗಂಡನ ಮನೆಯ ಆಶಾ ಅಕ್ಕನಿಗೆ ಬಂದದ್ದೇ ಗೊತ್ತಿರುದಿಲ್ಲ. ಎರಡು ಲಿಸ್ಟಿನಲ್ಲೂ ಮಗು ಇಲ್ಲ. ಇದಕ್ಕೆ ಒಂದೇ ಉಪಾಯ, ಬಸುರಿ ಇರುವಾಗ ಟಿಡಿ (ಧನುರ್ವಾಯು, ಗಂಟಲಮಾರಿಯದ್ದು) ಇಂಜೆಕ್ಷನ್‌ಗೆ ಬಂದಾಗ್ಲೇ ಕೇಳಿ ಇಡುವುದು: "ಅಕ್ಕಾ, ಬಾಣಂತನ ಎಲ್ಲಿ? ಎಷ್ಟು ದಿನ? ಅಲ್ಲಿ ಯಾರ ಫೋನಿಗೆ ಮಾಡ್ಬೇಕು?" ತಾಯಿ ಮನೆ ವಿಟ್ಲದಲ್ಲೋ ಉಳ್ಳಾಲದಲ್ಲೋ ಇದ್ರೆ ಅಲ್ಲಿನ ಆಶಾ ಕಾರ್ಯಕರ್ತೆಯ ನಂಬರ್ ಮೊದಲೇ ತಗೊಳ್ಳಿ, ತಲಪಾಡಿ ಗೇಟಿನ ಆಚೆ, ಕರ್ನಾಟಕದಲ್ಲಿ ಇರುವವರೂ ನಮ್ಮ ಹಾಗೇ ಇದೇ ಕೆಲಸ ಮಾಡುವವರು, ಒಂದು ವಾಟ್ಸಾಪ್ ಗ್ರೂಪಿದ್ರೆ ಮಗು ಗಡಿ ದಾಟಿದ ದಿನವೇ ಹೆಸರೂ ದಾಟ್ತದೆ. 35ನೇ ದಿನಕ್ಕೆ ಒಂದು ಫೋನ್ ಮಾಡಿ. ಅಲ್ಲೇ ಹಾಕಿಸ್ತೀರಾ ಇಲ್ಲಿಗೆ ಬರ್ತೀರಾ ಅಂತ ಮಾತ್ರ ಕೇಳಿ, ಹಾಕಿಸ್ತೀರಾ ಇಲ್ವಾ ಅಂತ ಕೇಳ್ಬೇಡಿ.

ಕಾರ್ಡಿನ ತೊಂದರೆಯೂ ಅಲ್ಲಿಂದಲೇ ಶುರು. ಕರ್ನಾಟಕದ ತಾಯಿ ಕಾರ್ಡು ಕನ್ನಡದಲ್ಲಿ, ನಮ್ಮಲ್ಲಿ ಕೊಡುವುದು ಮಲಯಾಳದಲ್ಲಿ. ಮಲಯಾಳ ಓದ್ಲಿಕ್ಕೆ ಬಾರದ ಅಮ್ಮಂದಿರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ, ಅವರು ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿರ್ತಾರೆ ಆದ್ರೆ ಒಳಗೆ ಎಂತ ಬರೆದದ್ದು ಅಂತ ಗೊತ್ತಿರುದಿಲ್ಲ. ಮುಂದಿನ ತಾರೀಕು ಕಾರ್ಡಿನ ಹೊರಗಿನ ಪುಟದಲ್ಲೇ ದೊಡ್ಡ ಅಂಕಿಯಲ್ಲಿ ಬರೆದು ಕೆಳಗೆ "ಬುಧವಾರ, 10 ಗಂಟೆ" ಅಂತ ಕನ್ನಡದಲ್ಲಿ ಬರೀರಿ. ತೆಂಕಣ ಜಿಲ್ಲೆಗಳಿಂದ ಬಂದ ಮಲಯಾಳಿ ಸಿಸ್ಟರ್ ಇದ್ರೆ ನಾಲ್ಕು ಮಾತು ಕಲಿಸಿ ಕೊಡಿ, "ಜ್ವರ ಬರ್ಪುಂಡು, ಪೋಡ್ಯೊಡ್ಚಿ" (ಜ್ವರ ಬರ್ತದೆ, ಹೆದರ್ಬೇಡಿ) ಅಂತ ಅವರು ತುಳುವಿನಲ್ಲಿ ಹೇಳಿದ್ರೆ ಅಮ್ಮಂದಿರ ಮುಖವೇ ಬದಲಾಗ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಕಾರ್ಡು ಕಳೆದು ಹೋದ್ರೆ ಯುವಿನ್‌ನಲ್ಲಿ (ಚುಚ್ಚುಮದ್ದು ದಾಖಲು ಮಾಡುವ ಸರ್ಕಾರದ ಆನ್‌ಲೈನ್ ಪೋರ್ಟಲ್) ಮೊಬೈಲ್ ನಂಬರ್ ಹಾಕಿ ಹುಡುಕಿ, ಅಮ್ಮನ ನಂಬರಲ್ಲಿ ಸಿಗದಿದ್ರೆ ಅಪ್ಪನದ್ದು, ಅಜ್ಜನದ್ದು ಹಾಕಿ ನೋಡಿ. ಪ್ರೈವೇಟಲ್ಲಿ ಹಾಕಿಸಿದವರ ಪುಸ್ತಕದಲ್ಲಿ ಹೆಕ್ಸಾವೇಲೆಂಟ್ ಅಂತ ಇದ್ರೆ ಅದರಲ್ಲಿ ನಮ್ಮ ಪೆಂಟಾದ ಐದೂ ಉಂಟು, ಪೋಲಿಯೋ ಇಂಜೆಕ್ಷನ್ನೂ ಉಂಟು, ಅದನ್ನು ದಾಖಲು ಮಾಡಿ, ಬಾಕಿ ಅಂತ ಅವರ ಹಿಂದೆ ಬೀಳ್ಬೇಡಿ. ಮತ್ತೆ ಎಷ್ಟು ತಡ ಆದ್ರೂ ಮೊದಲಿಂದ ಶುರು ಮಾಡ್ಲಿಕ್ಕಿಲ್ಲ, ನಿಂತಲ್ಲಿಂದ ಮುಂದೆ ಹೋಗುವುದು. ರೋಟಾ (ಭೇದಿಯದ್ದು), ಪಿಸಿವಿ (ನ್ಯುಮೋನಿಯಾದ್ದು), ಪೆಂಟಾ ಮಾತ್ರ ಒಂದು ವರ್ಷದೊಳಗೆ ಶುರು ಆಗ್ಲೇಬೇಕು, ಹಾಗಾಗಿ ಹತ್ತು ಹನ್ನೊಂದು ತಿಂಗಳ ಮಗು ಲಿಸ್ಟಿನಲ್ಲಿ ಇದ್ರೆ ಅವತ್ತೇ ಆ ಮನೆಗೆ ಹೋಗಿ.

ಇನ್ನು ಸೆಂಟರಿನ ಬಾಗಿಲು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬಳು ಅಮ್ಮ ಎರಡು ಬಸ್ ಬದಲಿಸಿ ಬಂದಿದ್ಳು, ಮಗುವಿಗೆ ಸ್ವಲ್ಪ ಶೀತ, ಮೂಗು ಸುರೀತಿತ್ತು, ನಾನು "ಕಮ್ಮಿ ಆದ ಮೇಲೆ ಬನ್ನಿ" ಅಂದೆ. ಅವಳು ಮತ್ತೆ ಬಂದದ್ದು ಐದು ತಿಂಗಳ ನಂತರ, ಅದೂ ಆಶಾ ಅಕ್ಕ ಮೂರು ಸಲ ಮನೆಗೆ ಹೋದದ್ದಕ್ಕೆ. ಆ ಐದು ತಿಂಗಳು ಆ ಮಗುವಿಗೆ ನಾಯಿಕೆಮ್ಮಿನಿಂದಾಗ್ಲಿ ಗಂಟಲಮಾರಿಯಿಂದಾಗ್ಲಿ ಯಾವ ರಕ್ಷಣೆಯೂ ಇರ್ಲಿಲ್ಲ, ಕಾರಣ ನಾನು. ಸಣ್ಣ ಶೀತ, ಸಣ್ಣ ಜ್ವರ, ಸ್ವಲ್ಪ ಭೇದಿ, ತೂಕ ಕಡಿಮೆ, ಇದ್ಯಾವುದಕ್ಕೂ ಚುಚ್ಚುಮದ್ದು ಮುಂದೆ ಹಾಕ್ಬೇಕಾಗಿಲ್ಲ. ಜೋರು ಕಾಯಿಲೆ ಇದ್ರೆ ಅಥವಾ ಹಿಂದಿನ ಡೋಸಿಗೆ ಜೋರು ಅಲರ್ಜಿ ಆಗಿದ್ರೆ ಡಾಕ್ಟ್ರಿಗೆ ತೋರಿಸಿ, ಅಷ್ಟೇ. ವೈಲ್ (ಮದ್ದಿನ ಸಣ್ಣ ಬಾಟಲಿ) ಒಡೆಯುವ ವಿಷಯವೂ ಹಾಗೇ. ಎಂಆರ್ (ದಡಾರ, ರುಬೆಲ್ಲಾದ್ದು), ಬಿಸಿಜಿ ಕಲಸಿದ ಮೇಲೆ 4 ಗಂಟೆ ಮಾತ್ರ ಇಡ್ಲಿಕ್ಕಾಗುದು ಅಂತ ಇನ್ನೂ ನಾಲ್ಕು ಮಕ್ಕಳು ಬರ್ಲಿ ಅಂತ ಕಾಯಿಸ್ತಾರೆ, ಕಾದು ಕಾದು ಅಮ್ಮ ಎದ್ದು ಹೋಗ್ತಾಳೆ. ಒಂದೇ ಮಗು ಇದ್ರೂ ಒಡೀರಿ, ನಿಯಮವೂ ಅದೇ. ಪೆಂಟಾ, ಪಿಸಿವಿ, ಐಪಿವಿ (ಪೋಲಿಯೋ ಇಂಜೆಕ್ಷನ್) ವೈಲ್ ಒಡೆದ ಮೇಲೂ 2ರಿಂದ 8 ಡಿಗ್ರಿಯಲ್ಲಿ ಸರಿಯಾಗಿ ಇಟ್ಟು, ವಿವಿಎಂ (ಮದ್ದಿಗೆ ಬಿಸಿ ತಾಗಿದ್ರೆ ತೋರಿಸುವ, ಬಾಟಲಿ ಮೇಲಿನ ಗುರುತು) ಬಣ್ಣ ಸರಿ ಇದ್ರೆ 28 ದಿನ ಬಳಸ್ಬಹುದು, ಅದರಲ್ಲಿ ಹಾಳಾಯ್ತು ಅನ್ನುವ ಚಿಂತೆಯೇ ಬೇಡ.

ಒಪ್ಪದವರ ಮಾತಿಗೆ ಬರ್ತೇನೆ. ಕಡಿಮೆ ಜನ ಹೌದು, ಆದ್ರೆ ಅವರ ಮಾತಿಗೆ ಕಾರಣ ಉಂಟು. ಎಣ್ಮಕಜೆ ಕಡೆ ಒಂದು ಮನೆ, ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿತಿದ್ರು, ತಲೆ ಎತ್ತದೆ ಹೇಳಿದ್ರು, "ಸಿಸ್ಟರೇ, ಅವತ್ತು ಹೆಲಿಕಾಪ್ಟರಲ್ಲಿ ಬಂದು ಮದ್ದು ಬಿಟ್ಟವರೂ ಎಂತ ಆಗುದಿಲ್ಲ ಅಂತಲೇ ಹೇಳಿದ್ದು. ಇದೂ ಮದ್ದೇ ಅಲ್ವಾ?" ಗೇರು ತೋಟದ ಮೇಲೆ 2000ದವರೆಗೆ ಎರಡು ದಶಕ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟ ಊರು ಅದು. ಅಲ್ಲಿ ಹೋಗಿ "ಅಜ್ಜಿಗೆ ಗೊತ್ತಿಲ್ಲ" ಅಂದ್ರೆ ನಾವು ಮುಗಿದೆವು. ನಾನು ಹೇಳಿದ್ದು ಇಷ್ಟೇ, ಅವತ್ತು ನಿಮ್ಮನ್ನು ಕೇಳಿಯೂ ಇಲ್ಲ ಹೇಳಿಯೂ ಇಲ್ಲ, ಅದು ತಪ್ಪೇ, ಇವತ್ತು ನಾನು ಬಾಟಲಿ ತೋರಿಸಿ, ಯಾವ ಕಾಯಿಲೆಗೆ ಅಂತ ಹೇಳಿ, ನೀವು ಹೂಂ ಅಂದ ಮೇಲೆ ಕೊಡುವುದು, ನಾಳೆ ಜ್ವರ ಬಂದ್ರೆ ನನ್ನ ನಂಬರ್ ಇದು. ಅವತ್ತು ಅವರು ಒಪ್ಪಲಿಲ್ಲ, ಮೂರನೇ ಸಲ ಹೋದಾಗ ಸೊಸೆಯನ್ನು ಕರೆದು "ಬುಧವಾರ ಕರ್ಕೊಂಡು ಹೋಗು" ಅಂದ್ರು. ಅಂಥ ಮನೆಗೆ ಪೋಲಿಯೋದ ಮಾತು ನಾಟ್ತದೆ, ಯಾಕಂದ್ರೆ ಕಾಲು ಸೋತವರನ್ನು ಅಜ್ಜಿಯಂದಿರು ಕಂಡಿದ್ದಾರೆ, ನಮ್ಮ ದೇಶದಲ್ಲಿ ವೈಲ್ಡ್ ಪೋಲಿಯೋದ (ಸಹಜವಾಗಿ ಹರಡುವ ವೈರಸ್ಸಿನ) ಕೊನೆಯ ಕೇಸು 2011ರಲ್ಲಿ. ಗಂಟಲಮಾರಿ ಈಗ ಎಲ್ಲುಂಟು ಅಂತ ಕೇಳುವವರಿಗೆ 2016ರ ಮಲಪ್ಪುರ ನೆನಪಿಸಿ, ನಮ್ಮ ಕೇರಳದಲ್ಲೇ ಮಕ್ಕಳು ತೀರಿಹೋದದ್ದು.

ಗಲ್ಫಿನಲ್ಲಿ ಅಪ್ಪ ಇರುವ ಮನೆಗಳಲ್ಲಿ "ಅವರನ್ನು ಕೇಳ್ಬೇಕು" ಅಂತ ಅಮ್ಮ ಹೇಳಿದ್ರೆ ಅದು ನೆಪ ಅಲ್ಲ. ಅಲ್ಲೇ ವೀಡಿಯೋ ಕಾಲ್ ಮಾಡಿಸಿ ನೀವೇ ಮಾತಾಡಿ, ಮಾಡುವ ಮೊದಲು ಅಲ್ಲಿನ ಹೊತ್ತು ನೋಡಿ, ಅವರು ಡ್ಯೂಟಿಯಲ್ಲಿರ್ತಾರೆ.

ಬೀಡಿ ಕಟ್ಟುವವರಿಗೆ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡುವ ದಿನ ಬುಧವಾರವೇ ಆಗಿದ್ರೆ ಅವರು ಬರುದಿಲ್ಲ, ಅಂಥವರಿಗೆ ಮಧ್ಯಾಹ್ನದ ನಂತರ ಬನ್ನಿ ಅಂತ ಮೊದಲೇ ಹೇಳಿ ಇಡಿ. ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಬಾಗಲಕೋಟೆ, ಕೊಪ್ಪಳ ಕಡೆಯವರು ನಮ್ಮ ಯಾವ ಲಿಸ್ಟಿನಲ್ಲೂ ಇರುದಿಲ್ಲ, ಮಳೆ ಶುರುವಾದ್ರೆ ಊರಿಗೆ ಹೋಗ್ತಾರೆ, ಕೋರೆಯ ಮೇಸ್ತ್ರಿಯನ್ನು ಪರಿಚಯ ಮಾಡ್ಕೊಂಡು ಸಂಜೆ ಕೆಲಸ ಬಿಟ್ಟ ಮೇಲೆ ಶೆಡ್ಡಿಗೇ ಹೋಗ್ಬೇಕು.

ಒಂಬತ್ತು ತಿಂಗಳ ಎಂಆರ್ ಆದ ಮೇಲೆ ಎಲ್ಲ ಮುಗೀತು ಅಂತ ಜನ ಕಾರ್ಡು ಒಳಗೆ ಇಡ್ತಾರೆ. 16ರಿಂದ 24 ತಿಂಗಳಲ್ಲಿ ಎಂಆರ್ ಎರಡನೇದು, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನದ್ದು) ಬೂಸ್ಟರ್ ಉಂಟು ಅಂತ ಒಂಬತ್ತನೇ ತಿಂಗಳಲ್ಲೇ ಹೇಳಿ ಕಳಿಸಿ. ದಡಾರ ಹರಡದ ಹಾಗೆ ತಡೀಬೇಕಾದ್ರೆ ಎಂಆರ್‌ನ ಎರಡೂ ಡೋಸು ನೂರರಲ್ಲಿ 95 ಮಕ್ಕಳಿಗೆ ಮುಟ್ಟಬೇಕು. ಐದು ವರ್ಷದ ಬೂಸ್ಟರಿಗೆ ಅಂಗನವಾಡಿ ಟೀಚರನ್ನೇ ಹಿಡೀರಿ, ಮಕ್ಕಳು ಶಾಲೆಗೆ ಸೇರುವ ಮೊದಲು ಅವರ ಹತ್ರ ಎಲ್ಲರ ಲೆಕ್ಕ ಇರ್ತದೆ.

ಆರು ವಾರಕ್ಕೆ ಮೂರು ಸೂಜಿ, ಹದಿನಾಲ್ಕು ವಾರಕ್ಕೂ ಮೂರು. ಚುಚ್ಚುವ ಮೊದಲೇ ಅಮ್ಮನಿಗೆ ಹೇಳಿ, ಮಗುವನ್ನು ಅವಳ ಮಡಿಲಲ್ಲೇ ಇಟ್ಟು ಕೊಡಿ, ಅರ್ಧ ಗಂಟೆ ಕೂರಿಸಿ, ಆ ಅರ್ಧ ಗಂಟೆಯಲ್ಲಿ ನಾಲ್ಕು ವಿಷಯ ಹೇಳಿ: ಇವತ್ತು ಕೊಟ್ಟದ್ದು ಎಂತ, ರಾತ್ರಿ ಎಂತ ಆಗ್ಬಹುದು, ಮುಂದಿನದ್ದು ಯಾವಾಗ, ಕಾರ್ಡು ತರ್ಬೇಕು. ಪೆಂಟಾ ಆದ ರಾತ್ರಿ ಜ್ವರ ಬರ್ತದೆ, ಮಗು ಅಳ್ತದೆ, ಮನೆಯವರೆಲ್ಲ ಸೇರಿ ಅಮ್ಮನಿಗೆ ಬೈತಾರೆ. ಗುರುವಾರ ಬೆಳಿಗ್ಗೆ ಅವಳಿಗೊಂದು ಫೋನ್ ಮಾಡಿ, "ಜ್ವರ ಹೇಗುಂಟು, ಡಾಕ್ಟ್ರು ಹೇಳಿದ ಅಳತೆಯಲ್ಲೇ ಪ್ಯಾರಾಸಿಟಮಾಲ್ ಕೊಟ್ಟಿರಾ, ಹಾಲು ಕುಡೀತಾ ಉಂಟಾ" ಅಂತ ಕೇಳಿ. ಎರಡು ನಿಮಿಷ ಸಾಕು. ಮುಂದಿನ ಡೋಸಿಗೆ ಕರೆಯುವಾಗ ನಿಮ್ಮ ನಂಬರ್ ನೋಡಿದ ಕೂಡ್ಲೇ ಅವಳೇ ಎತ್ತುತ್ತಾಳೆ.